ದಣಿಯದ ಕುದುರೆ

ಚದುರಂಗದ ಕುದುರೆಗೆ ದಣಿವೆಂಬುದಿಲ್ಲ. ಹಲಗೆಯ 64 ಮನೆಗಳನ್ನು, ಒಂದು ಮನೆಯನ್ನೂ ಎರಡನೆಯ ಸಲ ಮೆಟ್ಟದಂತೆ, ಸುತ್ತಿ ಮುಗಿಸಿದ ಮೇಲೂ ಅದು ಮೊದಲ ನೆಗೆತದ ಹುರುಪಿನಲ್ಲಿಯೇ ನಿಂತಿರುತ್ತದೆ. ಈ ಸಂಚಾರದ ಸೊಬಗಿಗೆ ಮನಸೋತವರಲ್ಲಿ ಆಲಂಕಾರಿಕರೂ ಉಂಟು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ‘ಕಾವ್ಯಾಲಂಕಾರ’ದಲ್ಲಿ ತುರಗಪದವೆಂಬ ಚಿತ್ರಬಂಧವನ್ನು ಕೊಟ್ಟಿದ್ದಾನೆ. ಅರ್ಧ ಹಲಗೆಯ 32 ಮನೆಗಳಲ್ಲಿ ಒಂದೊಂದು ಅಕ್ಷರವನ್ನು ತುಂಬಿ, ಸಾಲಿನಂತೆ ಓದಿದರೂ ಕುದುರೆಯ ನಡೆಯಂತೆ ಓದಿದರೂ ಪದ್ಯ ಕೆಡದಂತೆ ಕಟ್ಟಿದ ಚಾತುರ್ಯವದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸೇನೆಯ ವಿಚಾರವೂ ಇದೆ, ಅರಸನ ವಿನೋದಗಳ ನಡುವೆ ಚದುರಂಗದ ವಿಚಾರವೂ ಇದೆ. ಆದರೆ ಅವೆರಡೂ ಬೇರೆ ಬೇರೆ ಎಡೆಗಳಲ್ಲಿ ಬರುತ್ತವೆ. ಆನೆ, ಕುದುರೆ, ರಥ, ಕಾಲಾಳು ಎಂಬ ಹೆಸರುಗಳನ್ನು ಸೇನೆಯಿಂದ ಎರವಲು ಪಡೆದ ಆಟವು ಸೇನೆಯ ದಣಿವನ್ನು ಮಾತ್ರ ಪಡೆಯಲಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಹೆಸರಿಗೆ ಅರಸರಾಗಿ ಉಳಿದ ಅವರು ಗ್ರಂಥಗಳಲ್ಲಿಯೂ ಹಲಗೆಯಾಟಗಳಲ್ಲಿಯೂ ಕಾಲ ಕಳೆದರು. ಹೊಸ ಹೊಸ ಆಟಗಳನ್ನು ರೂಪಿಸಿದರು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲಿಯೂ ಒಮ್ಮೊಮ್ಮೆ ನಡೆಸುವ ಸಂಚಾರಗಳನ್ನು ಹೆಣೆದರು. ಅದೇ 1794ರಲ್ಲಿ, ದೂರದ ಪ್ರಷ್ಯಾ ದೇಶದಲ್ಲಿ, ಹಲಗೆಯ ಕುದುರೆಗೆ ದಣಿವನ್ನು ಕಲಿಸಬೇಕೆಂದು ಹೊರಟ ಇನ್ನೊಬ್ಬನೂ ಹುಟ್ಟಿದ. ಗೇಯೋರ್ಗ್ ಹೈನ್ರಿಖ್ ರುಡಾಲ್ಫ್ ಯೋಹಾನ್ ಫಾನ್ ರೈಸ್ವಿಟ್ಜ್ ಎಂಬುದು ಅವನ ಪೂರ್ಣ ಹೆಸರು. ಇಬ್ಬರಿಗೂ ಪರಸ್ಪರ ಪರಿಚಯವಿದ್ದಿರಲು ಕಾರಣವೇ ಇಲ್ಲ. ಹುಟ್ಟಿದ ವರ್ಷ ಒಂದೇ ಎಂಬುದು ಬರಿಯ ಆಕಸ್ಮಿಕ. ಆದರೂ ಹಲಗೆಯ ಮೇಲಿನ ಒಂದು ಕಾಯಿ ಹೇಗೆ ನಡೆಯಬೇಕು ಎಂಬ ಒಂದೇ ಪ್ರಶ್ನೆಗೆ ಇಬ್ಬರೂ ಎದುರುಬದುರು ದಿಕ್ಕಿನಿಂದ ಉತ್ತರ ಹುಡುಕಿದರೆಂಬುದನ್ನು ಮರೆಯಲಾಗದು. ಮೈಸೂರಿನ ಕುದುರೆ ಆಡಿಸುವವನ ಬುದ್ಧಿಗೆ ಸಂಪೂರ್ಣವಾಗಿ ವಿಧೇಯವಾದುದು. ಬರ್ಲಿನ್ನಿನ ಕುದುರೆ ಹಾಗಲ್ಲ.

ಬರ್ಲಿನ್ನಿಗಿಂತ ಮೊದಲು ಬ್ರೌನ್‌ಷ್ವೈಗ್ ನಗರದ ಮಾತನ್ನು ಹೇಳಬೇಕು. ಅಲ್ಲಿಯ ದೊರೆಯ ಆಸ್ಥಾನದಲ್ಲಿ ಎಳೆಯ ಪರಿಚಾರಕರಿಗೆ ಗಣಿತ ಕಲಿಸುತ್ತಿದ್ದ ಯೋಹಾನ್ ಕ್ರಿಶ್ಚಿಯನ್ ಲುಡ್ವಿಗ್ ಹೆಲ್ವಿಗ್ ಎಂಬಾತ 1780ರಲ್ಲಿ ಯುದ್ಧದಾಟವೊಂದನ್ನು ಪ್ರಕಟಿಸಿದ. ಈತ ಕೀಟಶಾಸ್ತ್ರದಲ್ಲಿಯೂ ಹೆಸರು ಮಾಡಿದವನು. ಜೀರುಂಡೆಗಳನ್ನು ವರ್ಗೀಕರಿಸುವವನ ಕಣ್ಣೇ ಅವನ ಆಟದಲ್ಲಿಯೂ ಕಾಣುತ್ತದೆ. ಉದ್ದಕ್ಕೆ 49, ಅಗಲಕ್ಕೆ 33, ಒಟ್ಟು 1617 ಮನೆಗಳು. ಬೆಟ್ಟ, ಕಾಡು, ಜೌಗು, ನೀರು ಎಂದು ಮನೆಗಳಿಗೆ ಬೇರೆ ಬೇರೆ ಬಣ್ಣ. ಚದುರಂಗ ಬಲ್ಲವರನ್ನು ಸೆಳೆಯಬೇಕೆಂಬುದು ಅವನ ಉದ್ದೇಶವಾಗಿದ್ದುದರಿಂದ ಆ ಆಟದ ಮೂಲ ವ್ಯಾಕರಣವನ್ನು ಆತ ಬಿಟ್ಟುಕೊಡಲಿಲ್ಲ. ಕಾಯಿಯ ನಡೆಯೆಂದರೆ ಮನೆಗಳ ಎಣಿಕೆ. ಹೊಳೆ ತಿರುಗಬೇಕಾದರೆ ಚೌಕದ ಅಂಚಿಗೆ ಸರಿಯಾಗಿ ಲಂಬಕೋನದಲ್ಲಿಯೇ ತಿರುಗಬೇಕು. ಕಾಯಿಗೆ ಹೇಳಿದೊಡನೆ ಅದು ಹೊರಡುತ್ತದೆ, ಹೇಳಿದಷ್ಟು ಮನೆಗಳನ್ನು ದಾಟುತ್ತದೆ. ಹೆಲ್ವಿಗ್‌ನ ಆಟದಲ್ಲಿ ಭೂಮಿ ಬದಲಾಯಿತು, ಆಜ್ಞಾಧಾರಕತೆ ಬದಲಾಗಲಿಲ್ಲ.

ಈ ಚೌಕಗಳನ್ನು ಕಿತ್ತುಹಾಕಿದವನು ಮೇಲೆ ಹೇಳಿದ ರೈಸ್ವಿಟ್ಜ್‌ನ ತಂದೆ. ಬ್ರೆಸ್ಲಾವ್ ನಗರದಲ್ಲಿ ಯುದ್ಧ ಇಲಾಖೆಯ ಸಲಹೆಗಾರನಾಗಿದ್ದ ಆತ ಸೈನಿಕನಲ್ಲ, ಕಚೇರಿಯ ಅಧಿಕಾರಿ. ಮೇಜಿನ ಮೇಲೆ ಮರಳು ಹರಡಿ ಗುಡ್ಡ ಕಣಿವೆಗಳನ್ನು ಮಾಡಿ, ಅದರ ಮೇಲೆ ಕಾಯಿಗಳನ್ನು ಅಳತೆಗೋಲಿನಿಂದ ನಡೆಸಿದ. ರಾಜಕುಮಾರರು ಕುತೂಹಲ ತೋರಿದರು. ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮನಿಗೆ ಮರಳನ್ನು ಒಯ್ದು ತೋರಿಸುವುದು ಸರಿಯಲ್ಲವೆಂದು, ಗಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಬಿಲ್ಲೆಗಳಿಂದ ಭೂಮಿಯನ್ನೂ ಪಿಂಗಾಣಿಯಿಂದ ಸೈನ್ಯವನ್ನೂ ಮಾಡಿಸಿ, ದೊಡ್ಡ ಪೆಟ್ಟಿಗೆಯಾಕಾರದ ಮೇಜಿನೊಡನೆ 1812ರಲ್ಲಿ ಒಪ್ಪಿಸಿದ. 1806ರಲ್ಲಿ ಯೇನಾದಲ್ಲಿ ನೆಪೋಲಿಯನ್ನನಿಂದ ನುಚ್ಚುನೂರಾದ ಪ್ರಷ್ಯಾದ ಸೇನೆ ಎಲ್ಲವನ್ನೂ ಮೊದಲಿನಿಂದ ಕಲಿಯುತ್ತಿದ್ದ ಕಾಲ ಅದು. ಅರಮನೆಯಲ್ಲಿ ಆ ಮೇಜು ಅಚ್ಚುಮೆಚ್ಚಾಯಿತು. ಆದರೆ ಅದು ಒಂದೇ ಮೇಜು. ದಂಡಿನ ಕೊಠಡಿಗಳಲ್ಲಿ ಕೂತ ಸಾಮಾನ್ಯ ಅಧಿಕಾರಿಗೆ ಅದರಿಂದ ಆದ ಲಾಭವೇನೂ ಇಲ್ಲ.

ಮಗ ಫಿರಂಗಿ ದಳದ ಲೆಫ್ಟಿನೆಂಟ್. ತಂದೆಯ ಮೇಜಿನ ಬದಲು ಕಾಗದದ ನಕ್ಷೆಯನ್ನು ಹಿಡಿದ. ನಕ್ಷೆಯ ಪ್ರಮಾಣ 1:8000. ಕೆಂಪು, ನೀಲಿ ಬಣ್ಣದ ಚಿಕ್ಕ ಲೋಹದ ತುಂಡುಗಳೇ ಸೈನ್ಯ. ಆಟದ ಒಂದು ಸರದಿಯೆಂದರೆ ಕಾಳಗದ ಎರಡು ನಿಮಿಷ. ಈ ಕೊನೆಯ ಮಾತಿನಲ್ಲಿ ಇಡೀ ಬದಲಾವಣೆಯೇ ಅಡಗಿದೆ.

ಛಂದಸ್ಸು ಓದಿದವರಿಗೆ ಇದನ್ನು ವಿವರಿಸುವುದು ಸುಲಭ. ಅಕ್ಷರವೃತ್ತದಲ್ಲಿ ಎಣಿಸುವುದು ಅಕ್ಷರಗಳನ್ನು. ಪಾದಕ್ಕೆ ಇಷ್ಟು ಎಂದು ಮೊದಲೇ ನಿಗದಿ. ಮಾತ್ರಾಗಣದ ಬಂಧಗಳಲ್ಲಿ ಎಣಿಸುವುದು ಕಾಲವನ್ನು. ಕಂದಪದ್ಯದ ನಾಲ್ಕು ಮಾತ್ರೆಯ ಗಣದಲ್ಲಿ ಎರಡು ಗುರುಗಳೂ ನಿಲ್ಲಬಹುದು, ನಾಲ್ಕು ಲಘುಗಳೂ ಹಿಡಿಸಬಹುದು. ಅಕ್ಷರಗಳ ಸಂಖ್ಯೆ ಬದಲಾಗುತ್ತದೆ, ಕಾಲ ಬದಲಾಗದು. ಹೆಲ್ವಿಗ್ ಮನೆಗಳನ್ನು ಎಣಿಸಿದ, ರೈಸ್ವಿಟ್ಜ್ ಮಾತ್ರೆಗಳನ್ನು ಎಣಿಸಿದ. ಅಕ್ಷರವೃತ್ತದಲ್ಲಿ ಗುರುಲಘುಗಳ ಕ್ರಮವೂ ಕಟ್ಟಿರುವುದರಿಂದ ಹೋಲಿಕೆ ಸಂಪೂರ್ಣವಾಗಿ ಹೊಂದದು, ಆದರೂ ದಿಕ್ಕು ಇದೇ. ಎರಡು ನಿಮಿಷವೆಂಬ ಗಣವೊಂದು ಸ್ಥಿರವಾಯಿತು. ಅದರೊಳಗೆ ಕಾಲಾಳು ಎಷ್ಟು ದೂರ ಹೋದಾನು, ಕುದುರೆ ನಡಿಗೆಯಲ್ಲಿ ಎಷ್ಟು, ದೌಡಿನಲ್ಲಿ ಎಷ್ಟು, ಏರಿನಲ್ಲಿ ಎಷ್ಟು ಕಡಿಮೆ ಎಂಬುದಷ್ಟೇ ಉಳಿದ ಲೆಕ್ಕ.

ಈ ಲೆಕ್ಕವನ್ನು ಇಂದಿನ ಅಳತೆಯಲ್ಲಿ ಹಾಕಿ ನೋಡಬಹುದು. ಸಾಧಾರಣವಾಗಿ ನಡೆಯುವ ಮನುಷ್ಯ ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾನೆ. ಎರಡು ನಿಮಿಷಕ್ಕೆ 160 ಮೀಟರ್. 1:8000ರ ನಕ್ಷೆಯಲ್ಲಿ ಅದು ಎರಡೇ ಸೆಂಟಿಮೀಟರ್. ಒಂದು ಕಿಲೋಮೀಟರ್ ಆಚೆಗಿನ ದಿಬ್ಬವನ್ನು ಸೇರಲು ಆರು ಸರದಿಗಳು ಸಾಲವು. ಚದುರಂಗದಲ್ಲಿ ಒಂದೇ ಏಟಿಗೆ ಹಲಗೆಯ ಈ ತುದಿಯಿಂದ ಆ ತುದಿಗೆ ಹಾಯುವ ಕಾಯಿಗಳಿಗೆ ಒಗ್ಗಿದ ಕೈಗೆ ಈ ಎರಡು ಸೆಂಟಿಮೀಟರಿನ ತೆವಳಿಕೆ ಎಷ್ಟು ಅಸಹನೀಯವೆಂಬುದನ್ನು ಊಹಿಸಿಕೊಳ್ಳಬೇಕು. ಆ ಅಸಹನೆಯೇ ಪಾಠದ ಮೊದಲ ಭಾಗ.

ಎರಡನೆಯ ಭಾಗ ಇನ್ನೂ ಕಠಿಣ. ರೈಸ್ವಿಟ್ಜ್‌ನ ಆಟದಲ್ಲಿ ಆಟಗಾರ ತನ್ನ ಕಾಯಿಯನ್ನು ತಾನೇ ಮುಟ್ಟಿ ನಡೆಸುವಂತಿಲ್ಲ. ಆಜ್ಞೆಯನ್ನು ಬರೆದು, ಉಭಯ ಪಕ್ಷಗಳ ಗುಟ್ಟನ್ನೂ ಬಲ್ಲ ಮಧ್ಯಸ್ಥನಿಗೆ ಕೊಡಬೇಕು. ಆ ಮಧ್ಯಸ್ಥನಿಗೆ ಆತ ಇಟ್ಟ ಹೆಸರಿಗೆ ವಿಶ್ವಾಸಕ್ಕೆ ಪಾತ್ರನಾದವನು ಎಂದರ್ಥ. ಸೇನಾಪತಿ ನಿಂತ ಸ್ಥಳದಿಂದ ದೂರದ ತುಕಡಿಯವರೆಗೆ ಸವಾರನೊಬ್ಬ ಆ ಚೀಟಿಯನ್ನು ಒಯ್ಯಲು ಎಷ್ಟು ಹೊತ್ತಾದೀತೆಂದು ಮಧ್ಯಸ್ಥ ಲೆಕ್ಕ ಹಾಕುತ್ತಾನೆ. ಅಷ್ಟು ಸರದಿಗಳು ಕಳೆದ ಮೇಲೆಯೇ ತುಕಡಿ ಕದಲುವುದು. ಅಷ್ಟರಲ್ಲಿ ವೈರಿ ಬೇರೆಡೆಗೆ ಸರಿದಿರಬಹುದು. ಕಣ್ಣಿಗೆ ಬೀಳದ ವೈರಿಯ ಕಾಯಿಗಳು ನಕ್ಷೆಯ ಮೇಲೆ ಇರುವುದೇ ಇಲ್ಲವಾದ್ದರಿಂದ, ಸರಿದದ್ದೂ ತಿಳಿಯದು. ಸೇನೆಯ ನಡೆಯನ್ನು ಆತ ಹೀಗೆ ಎರಡಾಗಿ ಸೀಳಿದ. ಕಾಲು ನಡೆಯಲು ಹಿಡಿಯುವ ಹೊತ್ತು ಒಂದು, ಮಾತು ನಡೆಯಲು ಹಿಡಿಯುವ ಹೊತ್ತು ಇನ್ನೊಂದು. ಆ ಮೇಲಿನ ಎರಡು ಶತಮಾನಗಳ ಸುಧಾರಣೆಗಳೆಲ್ಲ ಈ ಸೀಳಿನ ಒಂದಲ್ಲ ಒಂದು ಬದಿಯಲ್ಲಿ ನಡೆದವು.

1824ರಲ್ಲಿ ಪ್ರಷ್ಯಾದ ಪ್ರಧಾನ ಸೇನಾಮಂಡಲದ ಮುಖ್ಯಸ್ಥ ಮ್ಯೂಫ್ಲಿಂಗ್ ಆಟವನ್ನು ನೋಡಲು ಒಪ್ಪಿದ. ಮೊದಲು ಅಷ್ಟೇನೂ ಆದರ ತೋರದೆ ಕೂತಿದ್ದ ಆತ, ನಡೆಗಳು ಮುಂದುವರಿದಂತೆ ಬೆರಗಾಗಿ, ಇದು ಆಟವೇ ಅಲ್ಲ, ಯುದ್ಧದ ಶಿಕ್ಷಣ ಎಂಬರ್ಥದ ಮಾತನ್ನಾಡಿದನೆಂದು ಪ್ರತೀತಿ. ಸೇನೆಯ ಪತ್ರಿಕೆಯಲ್ಲಿ ಅವನೇ ಅದನ್ನು ಶಿಫಾರಸು ಮಾಡಿದ. ಆಟದ ಪೆಟ್ಟಿಗೆಗಳು ದಂಡುಗಳಿಗೆ ಹೋದವು. ಆದರೆ ಅರಮನೆಯವರೆಗೂ ಹೆಸರು ಮುಟ್ಟಿದ ತರುಣ ಲೆಫ್ಟಿನೆಂಟನನ್ನು ಕಂಡು ಎಲ್ಲರೂ ಹಿಗ್ಗಲಿಲ್ಲ. ಆತನಿಗೆ ಕ್ಯಾಪ್ಟನ್ ಪದವಿ ಬಂತು, ಜೊತೆಗೆ ಬರ್ಲಿನ್ನಿನಿಂದ ಟೋರ್ಗಾವ್ ಎಂಬ ಕೋಟೆಯೂರಿಗೆ ವರ್ಗವೂ ಬಂತು. ಅದನ್ನು ಆತ ಗಡೀಪಾರು ಎಂದೇ ಬಗೆದನೆಂದು, ಸುಮಾರು ಅರ್ಧ ಶತಮಾನದ ಅನಂತರ ಹಳೆಯ ಒಡನಾಡಿಯೊಬ್ಬ ಬರೆದ ನೆನಪುಗಳಿಂದ ತಿಳಿಯುತ್ತದೆ. 1827ರಲ್ಲಿ ಆತ ಪ್ರಾಣ ಕಳೆದುಕೊಂಡ, ತನ್ನ ಕೈಯಿಂದಲೇ. ವಯಸ್ಸು ಮೂವತ್ತಮೂರರ ಆಸುಪಾಸು. ಆಟದ ಇತಿಹಾಸ ಬರೆಯುವವರು ಇದನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಆದರೆ ಆಜ್ಞೆಯ ಚೀಟಿಯೊಂದು ಹೊರಟು, ದೂರದಲ್ಲಿರುವ ಯಾರನ್ನೋ ಅವನಿಗೆ ಬೇಡವಾದ ಎಡೆಗೆ ನಡೆಸುವ ಬಗೆಯನ್ನು ಅಷ್ಟು ನಿಖರವಾಗಿ ಬರೆದಿಟ್ಟವನ ಬಾಳಿನಲ್ಲಿ ಅಂಥದೇ ಚೀಟಿಯೊಂದು ಬಂದುದನ್ನು ಗಮನಿಸದೆ ಮುಂದುವರಿಯುವುದು ಕಷ್ಟ.

ಅವನ ಆಟ ಉಳಿಯಿತು, ಉಳಿದು ದಪ್ಪವಾಯಿತು. ಪರಿಷ್ಕರಿಸಿದವರೆಲ್ಲ ಕೋಷ್ಟಕಗಳನ್ನು ಸೇರಿಸಿದರು. 1870ರ ದಶಕಕ್ಕೆ ಬರುವಷ್ಟರಲ್ಲಿ ಮಧ್ಯಸ್ಥ ಸೇನೆಗಿಂತ ಹೆಚ್ಚಾಗಿ ಪುಟಗಳನ್ನು ನೋಡಬೇಕಾಯಿತು. ಮುಂದೆ 1885ರಲ್ಲಿ ಜಪಾನಿನ ಸೇನಾ ವಿದ್ಯಾಲಯಕ್ಕೆ ಪಾಠ ಹೇಳಲು ಹೋದ ಯಾಕೋಬ್ ಮೆಕೆಲ್ ಈ ಹೊರೆಯ ಬಗ್ಗೆ ತಕರಾರು ತೆಗೆದ. 1876ರಲ್ಲಿ ಯೂಲಿಯಸ್ ಫಾನ್ ಫೆರ್ಡಿ ದು ವೆರ್ನ್ವಾ ಕೋಷ್ಟಕವನ್ನೂ ದಾಳವನ್ನೂ ಒಟ್ಟಿಗೆ ಎಸೆದುಬಿಟ್ಟ. ತುಕಡಿ ಎಷ್ಟು ದೂರ ನಡೆದೀತೆಂಬುದನ್ನು ಅನುಭವಿಯಾದ ಮಧ್ಯಸ್ಥ ತನ್ನ ವಿವೇಕದಿಂದ ಹೇಳಲಿ ಎಂಬುದು ಅವನ ವಾದ. ಅದಕ್ಕೆ ಆಧಾರವಿಲ್ಲದಿರಲಿಲ್ಲ. 1866, 1870–71ರ ಯುದ್ಧಗಳಲ್ಲಿ ಹೊಲಗದ್ದೆಗಳ ಕೆಸರಿನಲ್ಲಿ ಪಡೆ ನಡೆಸಿ ಬಂದವರು ಆಗ ಪ್ರಷ್ಯಾದಲ್ಲಿ ಬೇಕಾದಷ್ಟು ಜನರಿದ್ದರು. ಅಮೆರಿಕದಲ್ಲಿ ಅದಕ್ಕೆ ತೀರ ವಿರುದ್ಧವಾಗಿ, ಸೇನಾ ಎಂಜಿನಿಯರ್ ವಿಲಿಯಂ ಲಿವರ್‌ಮೋರ್ 1880ರ ಆಸುಪಾಸಿನಲ್ಲಿ ಇನ್ನಷ್ಟು ಕೋಷ್ಟಕಗಳ ಆಟವನ್ನು ಸಿದ್ಧಪಡಿಸಿದ.

ವ್ಯಾಕರಣ ಪಾಠ ಮಾಡುವವರಿಗೆ ಈ ಜಗಳ ಹೊಸದೇನೂ ಅಲ್ಲ. ಕೇಶಿರಾಜನ ಸೂತ್ರವಿಲ್ಲದೆಯೇ ಪ್ರಯೋಗದ ಸರಿತಪ್ಪು ಬಲ್ಲ ಕಿವಿ ಒಂದು ಕಾಲಕ್ಕೆ ಇದ್ದೀತು. ಆ ಕಿವಿ ಇಲ್ಲದ ಪೀಳಿಗೆಗೆ ಸೂತ್ರ ಬೇಕು. ಫೆರ್ಡಿಯ ಮಧ್ಯಸ್ಥನಿಗೆ ಯುದ್ಧದ ಕಿವಿ ಇತ್ತು. ಯುದ್ಧವನ್ನೇ ಕಾಣದ ಮಧ್ಯಸ್ಥ ಅದೇ ಕುರ್ಚಿಯಲ್ಲಿ ಕೂತಾಗ, ವಿವೇಕವೆಂಬುದು ಹಿರಿಯ ಅಧಿಕಾರಿಯ ಇಷ್ಟಾನಿಷ್ಟಕ್ಕೆ ಇನ್ನೊಂದು ಹೆಸರಾಗುವ ಅಪಾಯವಿದೆ. ಫೆರ್ಡಿಯ ಪಕ್ಷಕ್ಕೆ ಸೈನಿಕ ಇತಿಹಾಸಕಾರರ ಮೆಚ್ಚುಗೆ ಹೆಚ್ಚು. ಆದರೆ ಸೂತ್ರವನ್ನು ಬಿಟ್ಟದ್ದು ಸುಧಾರಣೆಯೆಂದು ಒಪ್ಪುವ ಮುನ್ನ, ಬಿಟ್ಟ ಮೇಲೆ ಅದರ ಸ್ಥಾನದಲ್ಲಿ ಯಾರು ಕೂತರೆಂದು ಕೇಳಬೇಕಾಗುತ್ತದೆ.

ಮನೆಯ ಮೇಜಿನ ಮೇಲೆ ಇಬ್ಬರೇ ಆಡುವ ಆಟಕ್ಕೆ ಈ ಆಯ್ಕೆಯೇ ಇಲ್ಲ, ಅಲ್ಲಿ ಮಧ್ಯಸ್ಥನಿಲ್ಲ. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆಯ ಸೈನಿಕರಿಗಾಗಿ ಬರೆದ ‘ಲಿಟಲ್ ವಾರ್ಸ್’ನಲ್ಲಿ ಸರದಿಗೆ ಕಾಲಾಳಿಗೆ ಒಂದು ಅಡಿ, ಸವಾರನಿಗೆ ಎರಡು ಅಡಿ, ಮಾತು ಅಷ್ಟಕ್ಕೇ ಮುಗಿಯುತ್ತದೆ. ಇತಿಹಾಸದ ಕಾಳಗಗಳನ್ನು ಮುದ್ರಿತ ಹಲಗೆಯ ಮೇಲೆ ತಂದವನು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್. ಅವನ ‘ಟ್ಯಾಕ್ಟಿಕ್ಸ್’ ಬಂದದ್ದು 1954ರಲ್ಲಿ. ಅವನ ಆವಲಾನ್ ಹಿಲ್ ಸಂಸ್ಥೆಯಿಂದ ‘ಗೆಟ್ಟಿಸ್‌ಬರ್ಗ್’ ಬಂದದ್ದು 1958ರಲ್ಲಿ. ಅದರಲ್ಲಿದ್ದದ್ದು ಮತ್ತೆ ಚೌಕಗಳೇ. ಚೌಕದ ದೋಷ ಹೆಲ್ವಿಗ್‌ನ ಕಾಲದ್ದೇ: ಓರೆಯಾಗಿ ಸರಿದ ಕಾಯಿ ನೇರವಾಗಿ ಸರಿದ ಕಾಯಿಗಿಂತ ಸುಮಾರು 41 ಪಾಲು ನೂರಕ್ಕೆ ಹೆಚ್ಚು ದೂರವನ್ನು ಬಿಟ್ಟಿಯಾಗಿ ಗಳಿಸುತ್ತದೆ. 1961ರಿಂದ ರಾಬರ್ಟ್ಸ್ ಷಟ್ಕೋನದ ಮನೆಗಳಿಗೆ ಬಂದ. ಜೇನುಗೂಡಿನಂಥ ಆ ಜಾಲದಲ್ಲಿ ಆರು ನೆರೆಮನೆಗಳೂ ಸಮದೂರ. ಆದರೆ ಎರಡು ನೆರೆಮನೆಗಳ ನಡುವಿನ ದಿಕ್ಕಿಗೆ ಹೊರಟ ತುಕಡಿ ಹಾವಿನಂತೆ ಬಳುಕಿಕೊಂಡು ಹೋಗಬೇಕು. ಅದಕ್ಕೆ ನೂರಕ್ಕೆ 15ರಷ್ಟು ಹೆಚ್ಚು ನಡಿಗೆ. ಚಿಕ್ಕ ತಪ್ಪನ್ನು ಕೊಟ್ಟು ದೊಡ್ಡ ತಪ್ಪನ್ನು ತೀರಿಸಿದ ವ್ಯವಹಾರವಿದು.

ಜಾಲಕ್ಕಿಂತ ಮುಖ್ಯವಾದುದು ಪ್ರತಿ ಮನೆಗೂ ಕಟ್ಟುವ ಬೆಲೆ. ತುಕಡಿಗೆ ಸರದಿಗೆ ಇಷ್ಟು ಎಂದು ನಡೆಯ ಅಂಕಗಳು. ಬಯಲಿಗೆ ಒಂದು, ಕಾಡಿಗೆ ಎರಡು, ರಸ್ತೆಯಾದರೆ ಅರ್ಧ ಎಂಬಂತೆ ಖರ್ಚು. ಕೋಷ್ಟಕದ ಮೂಲೆಯಲ್ಲಿ ಅಚ್ಚಾದ ಇಂಥ ಅಂಕೆ ಸಪ್ಪೆಯಾಗಿ ಕಾಣುತ್ತದೆ. ಅದು ಸಪ್ಪೆಯಲ್ಲ ಎಂಬುದಕ್ಕೆ ಫ್ರಾನ್ಸ್ ಸಾಕ್ಷಿ. 1938ರಲ್ಲಿ ಜನರಲ್ ಪ್ರೆತೆಲಾ ನಡೆಸಿದ ನಕ್ಷೆಯ ಅಭ್ಯಾಸವೊಂದರಲ್ಲಿ, ಜರ್ಮನರು ಆರ್ದೆನ್ ಕಾಡನ್ನು ಹಾಯ್ದು ಮ್ಯೂಸ್ ನದಿಯನ್ನು ಮುಟ್ಟಲು 60 ಗಂಟೆ ಸಾಕೆಂದು ಕಂಡುಬಂತು. ಸೇನೆಯ ಮೇಲಿನವರಿಗೆ ಅದು ಅತಿಯಾದ ಹೆದರಿಕೆಯೆನಿಸಿತು. ಆ ಕಾಡಿನ ಬೆಲೆ ಅವರ ಮನಸ್ಸಿನ ಕೋಷ್ಟಕದಲ್ಲಿ ಹಲವು ಪಟ್ಟು ದೊಡ್ಡದಾಗಿತ್ತು. 1940ರ ಮೇ 10ರ ನಸುಕಿನಲ್ಲಿ ಹೊರಟ ಗುಡೇರಿಯನ್ನನ ಟ್ಯಾಂಕುಗಳು ಮೇ 12ರ ಸಂಜೆಯೊಳಗೆ ಸೆಡಾನ್ ಬಳಿ ಮ್ಯೂಸ್ ದಂಡೆಯಲ್ಲಿದ್ದವು. ಕಾಡಿನ ಮನೆಗೆ ಎರಡು ಅಂಕವೋ ಆರು ಅಂಕವೋ ಎಂಬ ಚರ್ಚೆ ಹವ್ಯಾಸಿಗಳ ಕಾಲಹರಣವೆಂದು ನಗುವವರು ಈ ದಿನಾಂಕಗಳನ್ನು ಒಮ್ಮೆ ನೋಡಬೇಕು.

ಅಂಕೆ ಸರಿಯಿದ್ದೂ ನಡೆ ಸುಳ್ಳಾಗುವ ಬಗೆಯೊಂದಿದೆ. 1970ರಲ್ಲಿ ಜೇಮ್ಸ್ ಡನಿಗನ್ ರಚಿಸಿದ ‘ಪ್ಯಾಂಜರ್‌ಬ್ಲಿಟ್ಜ್’ ಎರಡನೆಯ ಮಹಾಯುದ್ಧದ ರಷ್ಯಾದ ರಣಭೂಮಿಯದು. ಒಂದು ಮನೆಯೆಂದರೆ 250 ಮೀಟರ್, ಒಂದು ಸರದಿಯೆಂದರೆ 6 ನಿಮಿಷ. ಇಬ್ಬರೂ ಸರದಿಯಂತೆ ಆಡುವ ಆಟವಾದ್ದರಿಂದ ಗುಂಡು ಹಾರಿಸುವುದೂ ತಂತಮ್ಮ ಸರದಿಯಲ್ಲಿಯೇ. ಜಾಣ ಆಟಗಾರರು ಬೇಗನೆ ಒಂದು ಕಿಂಡಿಯನ್ನು ಕಂಡುಕೊಂಡರು. ಮರಗಳ ಮರೆಯಲ್ಲಿದ್ದ ಟ್ಯಾಂಕು ವೈರಿಯ ಕಣ್ಣೆದುರಿಗೇ ಬಯಲನ್ನು ದಾಟಿ ಇನ್ನೊಂದು ಮರೆಯನ್ನು ಸೇರಿಬಿಟ್ಟರೆ ಮುಗಿಯಿತು. ವೈರಿಯ ಸರದಿ ಬರುವಷ್ಟರಲ್ಲಿ ಬಯಲು ಖಾಲಿ. ಪೊದೆಯಿಂದ ಪೊದೆಗೆ ಹಾರುವ ಈ ಕಾಯಿಲೆಗೆ ಆಟಗಾರರ ವಲಯದಲ್ಲಿ ಒಂದು ಅಡ್ಡಹೆಸರೇ ಬಿತ್ತು. ಅಂಕಗಳನ್ನು ಕಡಿಮೆ ಮಾಡಿದ್ದರೆ ಟ್ಯಾಂಕು ನಿಧಾನವಾಗುತ್ತಿತ್ತೇ ಹೊರತು ಸುಳ್ಳು ಹೋಗುತ್ತಿರಲಿಲ್ಲ. 1974ರ ‘ಪ್ಯಾಂಜರ್ ಲೀಡರ್’ನಲ್ಲಿ ಬಂದ ಮದ್ದು ಬೇರೆ ತರದ್ದು: ಎದುರಾಳಿಯ ಕಾಯಿ ನಡೆಯುತ್ತಿರುವಾಗಲೇ, ಅವಕಾಶ ಸಿಕ್ಕಲ್ಲಿ, ಕಾದು ಕೂತವನು ಗುಂಡು ಹಾರಿಸಬಹುದು. ನಡೆಯುವವನ ನಿಯಮವನ್ನು ಸರಿಪಡಿಸಲು ನೋಡುವವನಿಗೆ ಹಕ್ಕು ಕೊಡಬೇಕಾಯಿತು. ಇಬ್ಬರೂ ಬಾಳುತ್ತಿರುವುದು ಒಂದೇ ಆರು ನಿಮಿಷದಲ್ಲಿ ಎಂಬುದನ್ನು ಸರದಿಯೆಂಬ ಸೌಕರ್ಯ ಮರೆಸಿತ್ತು.

ಎಲ್ಲಕ್ಕಿಂತ ತೊಡಕಿನದು ಒಂದೇ ಪಡೆ ಒಂದು ದಿನ ನಡೆದಂತೆ ಇನ್ನೊಂದು ದಿನ ನಡೆಯದಿರುವುದು. 1862ರ ಆಗಸ್ಟ್ 25, 26ರಂದು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಸುಮಾರು 24,000 ಮಂದಿಯನ್ನು ಎರಡು ದಿನಗಳಲ್ಲಿ 80 ಕಿಲೋಮೀಟರಿಗೂ ಹೆಚ್ಚು ನಡೆಸಿ, ಉತ್ತರದ ಸೇನೆಯ ಬೆನ್ನ ಹಿಂದಿದ್ದ ಮನಾಸಸ್ ಉಗ್ರಾಣವನ್ನು ಹಿಡಿದ. ಆಗಸ್ಟ್ ಬಿಸಿಲು, ಧೂಳು, ಹಸಿಮೆಕ್ಕೆತೆನೆಯ ಊಟ. ಈಗ ನಿಯಮ ಬರೆಯುವವನ ಸಂಕಟವನ್ನು ನೋಡಬೇಕು. ದಿನಕ್ಕೆ ಸರಾಸರಿ 20 ಕಿಲೋಮೀಟರಿನಂತೆ ಅಂಕ ಕೊಟ್ಟರೆ ಜಾಕ್ಸನ್ನನ ನಡಿಗೆ ಆ ಹಲಗೆಯ ಮೇಲೆ ಎಂದಿಗೂ ನಡೆಯದು. ಇತಿಹಾಸದಲ್ಲಿ ಆದದ್ದು ಆಟದಲ್ಲಿ ಅಸಾಧ್ಯವಾಗುತ್ತದೆ. 40ರಂತೆ ಕೊಟ್ಟರೆ ಹಲಗೆಯ ಮೇಲಿನ ಪ್ರತಿಯೊಬ್ಬ ಸೇನಾನಿಯೂ ಪ್ರತಿದಿನವೂ ಜಾಕ್ಸನ್ ಆಗುತ್ತಾನೆ. ನಿಶ್ಚಿತವಾದ ಯಾವ ಅಂಕೆಯೂ ಇಲ್ಲಿ ನಿಜವಲ್ಲ.

1992ರಲ್ಲಿ ಇದೇ ದಂಡಯಾತ್ರೆಯ ಮೇಲೆ ಜೋಸೆಫ್ ಬಾಲ್ಕೋಸ್ಕಿ ರಚಿಸಿದ ‘ಸ್ಟೋನ್‌ವಾಲ್ ಜಾಕ್ಸನ್ಸ್ ವೇ’ ಎಂಬ ಆಟ ಅಂಕೆಯನ್ನೇ ಬಿಟ್ಟುಕೊಟ್ಟಿತು. ಯಾವ ಪಡೆಯನ್ನು ಹೊರಡಿಸಬೇಕೆಂಬುದು ಆಟಗಾರನದು. ಅದು ಎಷ್ಟು ದೂರ ಹೋದೀತೆಂಬುದನ್ನು ದಾಳ ಹೇಳುತ್ತದೆ. ಅದೇ ದಿನ ಅದೇ ಪಡೆಯನ್ನು ಮತ್ತೆ ಹೊರಡಿಸಲು ಅಡ್ಡಿಯಿಲ್ಲ, ಆದರೆ ಪ್ರತಿ ಸಲವೂ ಅದರ ದಣಿವು ಒಂದು ಮೆಟ್ಟಿಲು ಏರುತ್ತದೆ. ಏರಿದಷ್ಟೂ ಹಿಂದೆ ಬೀಳುವವರು, ಚದುರಿಹೋಗುವವರು ಹೆಚ್ಚುತ್ತಾರೆ. ಜಾಕ್ಸನ್ನನ ನಡಿಗೆ ಸಾಧ್ಯವೇನೋ ಹೌದು, ಬೆಲೆ ತೆತ್ತರೆ. ನಮ್ಮ ಕಡೆಯ ಓದುಗನಿಗೆ ಇದರ ಮೊದಲ ಅರ್ಧ ಹೊಸದಾಗಿ ತೋರದು. ಪಗಡೆಯ ಹಾಸಿನ ಮುಂದೆ ಕೂತ ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ವ್ಯವಸ್ಥೆಯೇ ಇದು: ಕಾಯಿಯನ್ನು ಆರಿಸುವುದು ಮನುಷ್ಯ, ಮನೆಗಳನ್ನು ಕೊಡುವುದು ದಾಳ. ಚದುರಂಗವೇ ಯುದ್ಧಕ್ಕೆ ಸಮೀಪವೆಂದು, ಪಗಡೆ ಅದೃಷ್ಟದ ಆಟವೆಂದು ಪಂಡಿತರು ಬಹುಕಾಲ ಎಣಿಸಿದ್ದುಂಟು. ಸೇನೆಯ ನಡಿಗೆಯ ವಿಷಯದಲ್ಲಿ ಮಾತ್ರ ಪಗಡೆಯೇ ಹೆಚ್ಚು ನಿಜ ಹೇಳಿತೆನ್ನಬೇಕು. ಬರ್ಲಿನ್ನಿನ ಯುದ್ಧವಿದ್ಯಾಲಯವನ್ನು 1818ರಿಂದ ನಿರ್ದೇಶಿಸುತ್ತಿದ್ದ, ರೈಸ್ವಿಟ್ಜ್‌ನ ಸಮಕಾಲೀನನೇ ಆದ ಕ್ಲಾಸೆವಿಟ್ಜ್, ಯುದ್ಧದಲ್ಲಿನ ಪ್ರತಿಯೊಂದು ಚಲನೆಯೂ ನೀರಿನೊಳಗಿನ ನಡಿಗೆಯಂತೆ ಎಂದು ಕಂಡಿದ್ದ. ದಣಿವಿನ ಮೆಟ್ಟಿಲು ಆ ನೀರನ್ನು ಹಲಗೆಯ ಮೇಲೆ ತಂದಿತು.

ಕಾಲಿನ ಸಮಸ್ಯೆ ಹೀಗೆ ಒಂದು ಮಟ್ಟಿಗೆ ಬಗೆಹರಿದರೂ ಮಾತಿನ ಸಮಸ್ಯೆ ಉಳಿದೇ ಇದೆ. ಜಾಕ್ಸನ್ನನ ನಡಿಗೆಯಾಗಿ ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 13ರಂದು, ದಕ್ಷಿಣದ ಸೇನಾಪತಿ ಲೀಯ ಇಡೀ ಯೋಜನೆಯನ್ನು ಬರೆದಿದ್ದ ಆಜ್ಞಾಪತ್ರದ ಪ್ರತಿಯೊಂದು ಉತ್ತರದ ಸೈನಿಕನೊಬ್ಬನಿಗೆ ಬಿಡಾರದ ಬಯಲಿನಲ್ಲಿ ಸಿಕ್ಕಿತು. ಅದು ಸೇನಾಪತಿ ಮೆಕ್‌ಕ್ಲೆಲನ್ನನ ಕೈಸೇರಿದ ಮೇಲೂ ಅವನ ಸೇನೆಯ ಬಹುಭಾಗ ಹೊರಟದ್ದು ಮರುದಿನ ಬೆಳಗ್ಗೆ. ಆ ತಡ ಎಷ್ಟು, ಅದು ಕ್ಷಮ್ಯವೋ ಅಲ್ಲವೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಹಲಗೆಯ ಮುಂದೆ ಕೂತ ಯಾವ ಆಟಗಾರನೂ ಹಾಗೆ ರಾತ್ರಿ ಕಳೆಯಲಾರ. ಲೀಯ ಪಡೆಗಳು ಚದುರಿರುವುದು ಅವನಿಗೆ ಕಾಣುತ್ತಿದೆ, ತನ್ನ ಕಾಯಿಗಳು ಕೈಯಳತೆಯಲ್ಲಿವೆ. ಆದುದರಿಂದ ಇತ್ತೀಚಿನ ಆಟಗಳು ಸೇನಾನಿಯೊಬ್ಬೊಬ್ಬನಿಗೂ ಒಂದು ಗುಣಾಂಕ ಕಟ್ಟಿ, ದಾಳ ಒಪ್ಪಿದರೆ ಮಾತ್ರ ಅವನ ಪಡೆ ಕದಲಬಹುದೆನ್ನುತ್ತವೆ. ಇನ್ನು ಕೆಲವು, ಪಡೆಗಳ ಹೆಸರಿನ ಬಿಲ್ಲೆಗಳನ್ನು ಬಟ್ಟಲಲ್ಲಿ ಹಾಕಿ ಒಂದೊಂದನ್ನೇ ಎತ್ತಿ, ಬಂದ ಹೆಸರಿನವರು ನಡೆಯಲಿ ಎನ್ನುತ್ತವೆ. ಆಟಗಾರರಲ್ಲಿ ಗೊಣಗುವವರು ಹಲವರು. ದುಡ್ಡು ಕೊಟ್ಟು ಕೊಂಡ ಆಟದಲ್ಲಿ ತನ್ನ ಕಾಯಿಯನ್ನೇ ತಾನು ನಡೆಸಲಾಗದಿದ್ದರೆ ಅದೆಂಥ ಆಟ ಎಂಬ ಅವರ ದೂರಿನಲ್ಲಿಯೂ ಹುರುಳಿಲ್ಲದಿಲ್ಲ. ಮೆಕ್‌ಕ್ಲೆಲನ್ನನ ಹಿಂಜರಿಕೆಯನ್ನು ಅನುಭವಿಸುವ ಬೇಸರಕ್ಕಾಗಿ ಭಾನುವಾರದ ಮಧ್ಯಾಹ್ನವನ್ನು ಯಾರು ತಾನೇ ಮೀಸಲಿಟ್ಟಾರು?

1824ರ ಬರ್ಲಿನ್ನಿನ ಕೊಠಡಿಯಲ್ಲಿ ಈ ದೂರು ಬೇರೆ ರೂಪದಲ್ಲಿ ಎದ್ದಿರಬೇಕು. ಎಡಬದಿಯ ಪಡೆಗೆ ಚೀಟಿ ಹೋಗಿದೆ. ಅದನ್ನು ಹೊತ್ತ ಸವಾರ ನಕ್ಷೆಯ ಮೇಲೆ ಎರಡೆರಡು ನಿಮಿಷಗಳ ತುಂಡುಗಳಲ್ಲಿ ಸಾಗುತ್ತಿದ್ದಾನೆ. ದಿಬ್ಬದಾಚೆ ಏನಿದೆಯೆಂದು ಮಧ್ಯಸ್ಥನಿಗೆ ಗೊತ್ತು, ಅವನು ಹೇಳುವುದಿಲ್ಲ. ಮೇಜಿನ ಅಂಚಿಗೆ ಕೈಯೂರಿ ನಿಂತ ಅಧಿಕಾರಿಗೆ ಚೀಟಿಯ ಮಾತು ತಪ್ಪೆಂದು ಈಗ ಹೊಳೆದಿದೆ. ಇನ್ನೊಂದು ಚೀಟಿ ಬರೆಯುತ್ತಾನೆ. ಅದನ್ನು ಹೊತ್ತ ಎರಡನೆಯ ಸವಾರನೂ ಮೊದಲನೆಯವನ ಹಿಂದೆ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಹೊರಡುತ್ತಾನೆ.